ಇಪ್ಪತ್ತೇಳು ವರ್ಷದ ಹೊಸ ಅಳಿಯ

ಸಂಸಾರ ಮಾಡುವ ಗಂಡಸಿನ ಕೈಯಲ್ಲಿ ಒಂದಾದರೂ ಹಳೆಯ ಕೊರಗು ಇರಬೇಕು ಎನ್ನುವುದು ನನ್ನ ಬಹುಕಾಲದ ನಂಬಿಕೆ. ದೊಡ್ಡ ಕೊರಗು ಬೇಡ, ದೊಡ್ಡದಾದರೆ ನಿಜವಾಗಿಯೇ ದುಃಖವಾಗುತ್ತದೆ. ಚಿಕ್ಕದು, ಯಾರ ತಪ್ಪೂ ಅಲ್ಲದ್ದು, ಇನ್ನು ಸರಿಮಾಡಲು ಬಾರದ್ದು, ಇಂಥದ್ದೊಂದು ಸಿಕ್ಕಿಬಿಟ್ಟರೆ ಜೀವನಪೂರ್ತಿ ಬಾಳಿಕೆ ಬರುತ್ತದೆ. ನನ್ನ ಪುಣ್ಯಕ್ಕೆ ಮದುವೆಯಾದ ವರ್ಷವೇ ಅದು ನನಗೆ ಸಿಕ್ಕಿತು. ನನ್ನ ಅತ್ತೆ ಮನೆಯವರು ನನಗೆ ಮೊದಲ ದೀಪಾವಳಿ ಮಾಡಲಿಲ್ಲ.

ನಮ್ಮ ಕಡೆ ಮದುವೆಯಾದ ವರ್ಷ ದೀಪಾವಳಿಗೆ ಮಗಳು ಅಳಿಯನನ್ನು ಕರೆಸಿ, ಮಣೆಯ ಮೇಲೆ ಕೂರಿಸಿ, ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರು ಹೊಯ್ದು, ಹೊಸ ಬಟ್ಟೆ ಕೊಟ್ಟು, ಆರತಿ ಎತ್ತುತ್ತಾರೆ. ಮೂರು ದಿನ ಅಳಿಯನೆಂದರೆ ಅಳಿಯ. ನನ್ನ ಸರದಿ ಬರುವ ಹತ್ತು ದಿನ ಮುಂಚೆ ಭದ್ರಾವತಿಯಲ್ಲಿ ನನ್ನ ಹೆಂಡತಿ ಶಾರದೆಯ ಅಜ್ಜ ತೀರಿಕೊಂಡರು. ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬವಿಲ್ಲ. ಮರುವರ್ಷದ ಹೊತ್ತಿಗೆ ನನ್ನ ಹೆಗಲ ಮೇಲೆ ಮೂರು ತಿಂಗಳ ಮಗಳಿದ್ದಳು. ಮಗು ಎತ್ತಿಕೊಂಡು ಬಂದವನನ್ನು ಯಾರಾದರೂ ಹೊಸ ಅಳಿಯ ಅನ್ನುತ್ತಾರೆಯೇ? ಅದರ ಮರುವರ್ಷ ಶಾರದೆಯ ತಂಗಿಯ ಗಂಡನಿಗೆ, ಅಂದರೆ ನನ್ನ ಷಡ್ಡಕನಿಗೆ, ಸಾಂಗವಾಗಿ ಮೊದಲ ದೀಪಾವಳಿ ನಡೆಯಿತು. ಅವನ ಸ್ನಾನಕ್ಕೆ ಒಲೆ ಮುಂದೆ ಕೂತು ಹಂಡೆಗೆ ಉರಿ ಹಾಕಿದವನು ನಾನು.

ಮೊದಲ ವರ್ಷವೇ ಶುರುವಾಗಿದ್ದ ಕೊರಗು ಅವತ್ತು ಗಟ್ಟಿಯಾಯಿತು. ನಾನು ಕಾಲೇಜೊಂದರಲ್ಲಿ ಲೈಬ್ರರಿಯನ್. ಹಗಲೆಲ್ಲ ಬೇರೆಯವರಿಗೆ ಶ್ ಎನ್ನುವುದೇ ನನ್ನ ಉದ್ಯೋಗವಾದ್ದರಿಂದ ಆಡಬೇಕಾದ ಮಾತೆಲ್ಲ ಮನೆಗೇ ಉಳಿಯುತ್ತದೆ. ಶಾರದೆ, "ರೀ, ಸೊಪ್ಪು ಖಾಲಿಯಾಗಿದೆ, ಸ್ವಲ್ಪ ಹೋಗಿ ಬನ್ನಿ" ಎಂದರೆ, "ಮೊದಲನೇ ದೀಪಾವಳಿ ಕಾಣದ ಅಳಿಯ, ಸೊಪ್ಪಿನ ಚೀಲ ಹಿಡಿಯೋದೊಂದು ಬಾಕಿ ಇತ್ತು ನೋಡು" ಎನ್ನುತ್ತಿದ್ದೆ. ಫ್ಯಾನಿನ ಧೂಳು ಒರೆಸಿ ಅಂದರೂ ಅದೇ. ಅವಳ ಚಿಕ್ಕಪ್ಪನ ಮಗನ ಮದುವೆಗೆ ಹೊರಡಿ ಅಂದರಂತೂ ಅದೇ. ಇದನ್ನು ಕೇಳಿ ಕೇಳಿ ಅವಳು ಚೀಲ ಎತ್ತಿಕೊಂಡು ತಾನೇ ಹೋಗಿಬಿಡುತ್ತಿದ್ದಳು. ಹೀಗೆ ಇಪ್ಪತ್ತೇಳು ವರ್ಷ ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಲ್ಲಿ ಸೊಪ್ಪು ತರುವ ಕೆಲಸದಿಂದ ನಾನು ಬಚಾವಾಗಿದ್ದೆ.

ಎಡವಟ್ಟಾಗಿದ್ದು ಈ ಏಪ್ರಿಲ್‌ನಲ್ಲಿ, ನೆಂಟರ ಮನೆಯ ಗೃಹಪ್ರವೇಶದಲ್ಲಿ. ಊಟದ ಪಂಕ್ತಿಯಲ್ಲಿ ನನಗೆ ಎರಡನೇ ಸಲ ಹೋಳಿಗೆ ಬರಲಿಲ್ಲ. ನಾನು ಗಟ್ಟಿಯಾಗಿ, "ಬಿಡಿ, ನಮಗೆ ಅಭ್ಯಾಸವಾಗಿದೆ. ಮೊದಲನೇ ದೀಪಾವಳಿನೇ ಬರಲಿಲ್ಲ, ಹೋಳಿಗೆ ಯಾವ ಲೆಕ್ಕ" ಎಂದೆ. ಎಲ್ಲರೂ ನಕ್ಕರು. ಎದುರು ಸಾಲಿನಲ್ಲಿ ಕೂತಿದ್ದ ಎಂಬತ್ತು ದಾಟಿದ ನನ್ನ ಅತ್ತೆ ಮಾತ್ರ ನಗಲಿಲ್ಲ. ಅವರು ಕೇಳಿಸಿಕೊಳ್ಳುವ ಮಿಷನ್ನನ್ನು ಕಿವಿಗೆ ಹಾಕಿಕೊಂಡು ಬಂದಿದ್ದು ನನಗೆ ಗೊತ್ತಿರಲಿಲ್ಲ.

ಹದಿನೈದು ದಿನ ಕಳೆದಿರಬಹುದು. ಶಾರದೆಯ ತಮ್ಮ ಮಂಜುನಾಥ ಭದ್ರಾವತಿಯಿಂದ ಸ್ಕೂಟರಿನಲ್ಲಿ ಬಂದವನು ಕಾಫಿಯನ್ನೂ ಕುಡಿಯದೆ ಕುಂಕುಮದ ಭರಣಿ ತೆಗೆದ. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು ನನ್ನ ಮುಂದೆ ಹಿಡಿದ.

"ಭಾವ, ಈ ಭಾನುವಾರ ನಮ್ಮನೇಲಿ ದೀಪಾವಳಿ. ಅಕ್ಕನ್ನ ಕರ್ಕೊಂಡು ಬರ್ಬೇಕು."

"ಮೇ ತಿಂಗಳಲ್ಲಿ ಯಾವ ದೀಪಾವಳಿಯೋ ಮಾರಾಯ?"

"ನಿಮ್ಮದೇ. ಅವತ್ತು ನಿಂತಿತ್ತಲ್ಲ, ಅದು. ರಜೆ ಅಂತ ಎಲ್ರೂ ಬಂದಿದ್ದಾರೆ, ಇಪ್ಪತ್ಮೂರು ಜನ ಆಗ್ತೀವಿ. ಅಮ್ಮ ಹೇಳ್ಬಿಟ್ಟಿದ್ದಾರೆ."

ಯಾರಿಗಾದರೂ ಖುಷಿಯಾಗಬೇಕಾದ ಸುದ್ದಿ ಅದು. ಆದರೆ ನೀವೇ ಯೋಚಿಸಿ, ಹಬ್ಬ ಮಾಡಿಬಿಟ್ಟರೆ ಆಮೇಲೆ ನಾನು ಯಾವ ಬಾಯಿಂದ ಕೊರಗುವುದು? ಇಷ್ಟು ವರ್ಷ ನನ್ನನ್ನು ಕಾಪಾಡಿದ ಒಂದೇ ಒಂದು ಮಾತು ಭಾನುವಾರ ಮಧ್ಯಾಹ್ನಕ್ಕೆ ಮುಗಿದುಹೋಗುತ್ತದೆ. ನಾನು ಬಿಸಿಲು ಅಂದೆ, ಮಂಡಿನೋವು ಅಂದೆ, ಶುಗರ್ ಅಂದೆ, ಕೊನೆಗೆ ಪಂಚಾಂಗದ ಮಾತನ್ನೂ ಎತ್ತಿದೆ. ಹುಟ್ಟಿದ ಮೇಲೆ ಒಂದು ಸಲವೂ ಪಂಚಾಂಗ ತೆರೆದು ನೋಡದವನು ನಾನು. ಬಾಗಿಲಲ್ಲಿ ನಿಂತಿದ್ದ ಶಾರದೆ ಸೆರಗು ಬಾಯಿಗಡ್ಡ ಹಿಡಿದು ನಗುತ್ತಿದ್ದಳು. "ಬರ್ತಾರೆ ಬಿಡೋ, ಇಪ್ಪತ್ತೇಳು ವರ್ಷದಿಂದ ಕಾಯ್ತಿದ್ದಾರೆ" ಎಂದಳು.

ಭಾನುವಾರ ಬಸ್ಸಿಳಿದು ಭದ್ರಾವತಿಯ ಬೀದಿಗೆ ತಿರುಗಿದರೆ ದೂರದಿಂದಲೇ ಕಂಡಿತು, ಕೆಂಡದಂಥ ಬಿಸಿಲಿನಲ್ಲಿ ತೂಗಾಡುತ್ತಿದ್ದ ಆಕಾಶಬುಟ್ಟಿ. ಅಟ್ಟದಿಂದ ಇಳಿಸಿದ್ದರು, ಒಂದು ಮಗ್ಗುಲು ಇಲಿ ತಿಂದಿತ್ತು. ಮಕ್ಕಳು ಕಳೆದ ಗಣಪತಿ ಹಬ್ಬದಲ್ಲಿ ಉಳಿದ ಪಟಾಕಿಗಳನ್ನು ಅಂಗಳದಲ್ಲಿ ಹರಡಿಕೊಂಡು ಕೂತಿದ್ದರು. ಹತ್ತರಲ್ಲಿ ಒಂಬತ್ತು ಟುಸ್ಸೆಂದವು. ಹತ್ತನೆಯದು ನಾನು ಗೇಟು ತೆಗೆಯುವಾಗ ಢಂ ಎಂದಿತು. ಪಕ್ಕದ ಮನೆಯ ಸೆಲ್ವಿಯಮ್ಮ ಕಾಂಪೌಂಡಿನ ಮೇಲಿಂದ ತಲೆ ಹಾಕಿ, "ಯಾರು ಗೆದ್ದಿದ್ದು ಮಂಜು? ಮ್ಯಾಚಾ, ಎಲೆಕ್ಷನ್ನಾ?" ಎಂದು ಕೇಳಿದರು.

"ಯಾರೂ ಗೆದ್ದಿಲ್ಲಕ್ಕಾ. ನಮ್ಮ ಭಾವ ಹೊಸ ಅಳಿಯ, ಮೊದಲನೇ ದೀಪಾವಳಿ."

ಸೆಲ್ವಿಯಮ್ಮ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಅಯ್ಯೋ ಸ್ವಾಮಿ, ಹೊಸದು ಅಂದ್ರೆ ಸ್ವಲ್ಪ ಹೊಸದಾಗಿ ಇರ್ಬಾರ್ದಾ?" ಎಂದು ಒಳಗೆ ಹೋದರು.

ನಡುಮನೆಯಲ್ಲಿ ರಂಗೋಲಿ ಹಾಕಿ ಎರಡು ಮಣೆ ಇಟ್ಟಿದ್ದರು. ಒಂದರ ಮೇಲೆ ನನ್ನನ್ನು ಕೂರಿಸಿದರು. "ಶಾರದಾ, ನೀನೂ ಬಾರೇ" ಎಂದು ಅತ್ತೆ ಕರೆದರು. ಅಡುಗೆಮನೆಯಿಂದ, "ಕಾವಲಿ ಮೇಲೆ ಹೋಳಿಗೆ ಇದೆ, ಬಂದೆ ಇರಮ್ಮ" ಎಂದು ಉತ್ತರ ಬಂತು. ಎಣ್ಣೆ ಬಟ್ಟಲು ಇಡುವುದಕ್ಕೆ ಜಾಗ ಬೇಕಿತ್ತು, ಪಕ್ಕದ ಮಣೆಯ ಮೇಲೆ ಇಟ್ಟರು.

ಹರಳೆಣ್ಣೆ ಹಚ್ಚಿಸಿಕೊಳ್ಳುವುದಕ್ಕೆ ತಲೆಯ ಮೇಲೆ ನಾಲ್ಕು ಕೂದಲಾದರೂ ಇರಬೇಕು. ನನ್ನದು ಬಟ್ಟ ಬಯಲು. ಷಡ್ಡಕನ ಇಬ್ಬರು ಹೆಣ್ಣುಮಕ್ಕಳು ಬಟ್ಟಲಿಗೆ ಕೈ ಅದ್ದಿ ನೆತ್ತಿಗೆ ತಟ್ಟಿದರೆ ಎಣ್ಣೆ ನಿಲ್ಲದೆ ನೇರ ಕಣ್ಣಿಗೇ ಇಳಿಯುತ್ತಿತ್ತು. "ದೊಡ್ಡಪ್ಪ, ಎಲ್ಲಿಗೆ ನಿಲ್ಲಿಸ್ಬೇಕು? ಹಣೆ ಎಲ್ಲಿಗೆ ಮುಗಿಯತ್ತೆ?" ಎಂದು ಕಿಸಕಿಸ ನಗುತ್ತಿದ್ದರು. ಆಮೇಲೆ ಬಚ್ಚಲಿನಲ್ಲಿ ಬಿಸಿನೀರು. ಮೇ ತಿಂಗಳ ಭದ್ರಾವತಿಯಲ್ಲಿ ನಲ್ಲಿ ತಿರುಗಿಸಿದರೇ ಬಿಸಿನೀರು ಬರುತ್ತದೆ. ಅದನ್ನು ಹಂಡೆಯಲ್ಲಿ ಮತ್ತೆ ಕಾಯಿಸಿದ್ದರು. ಉರಿ ಹಾಕುತ್ತಿದ್ದವನು ನನ್ನ ಷಡ್ಡಕ. ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಿದ್ದ ಅವನನ್ನು ಕಂಡು ನನಗೆ ಸ್ವಲ್ಪ ಸಮಾಧಾನವಾಯಿತು.

ಸ್ನಾನವಾದ ಮೇಲೆ ಮಂಜುನಾಥ ಕಿವಿಯಲ್ಲಿ, "ಭಾವ, ಈಗ ಮುನಿಸ್ಕೊಳ್ಳಿ" ಎಂದ. ಹೊಸ ಅಳಿಯ ಊಟಕ್ಕೇಳದೆ ಮುನಿಸಿಕೊಳ್ಳಬೇಕು, ಮನೆಯವರು ಓಲೈಸಿ ಉಡುಗೊರೆ ಕೊಡಬೇಕು, ಅದೂ ಶಾಸ್ತ್ರವೇ. ಗೋಡೆಯ ಕಡೆ ತಿರುಗಿ ಕೂತೆ. ಇಪ್ಪತ್ತೇಳು ವರ್ಷ ಮುನಿಸಿಕೊಂಡೇ ಬದುಕಿದವನು ನಾನು, ಇಪ್ಪತ್ಮೂರು ಜನ ಸುತ್ತ ನಿಂತು ಮುನಿಸಿಕೋ ಅಂದರೆ ಬರಲೇ ಇಲ್ಲ. ಹುಬ್ಬು ಗಂಟಿಕ್ಕಿದರೆ ನಗು ಬರುತ್ತಿತ್ತು. "ಥೂ, ಮನೇಲಿ ಎಷ್ಟು ಚೆನ್ನಾಗಿ ಮಾಡ್ತಾರೆ ಗೊತ್ತಾ" ಎಂದು ಹೋಳಿಗೆ ತಟ್ಟುತ್ತಲೇ ಶಾರದೆ ಒಳಗಿನಿಂದ ಕೂಗಿದಳು.

ಆಗ ಅತ್ತೆ ಕೋಲೂರಿಕೊಂಡು ಕೋಣೆಗೆ ಹೋಗಿ ಟ್ರಂಕು ತೆಗೆಸಿದರು. ಒಳಗಿಂದ ಬಂದಿದ್ದು ಒಂದು ಜರಿಪಂಚೆ, ಒಂದು ಹೊಲಿಸಿದ ಷರಟು, ಹಸಿರು ರೇಷ್ಮೆ ಸೀರೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು.

"ಅವತ್ತಿನ ಹಬ್ಬಕ್ಕೆ ಅಂತಲೇ ತಂದಿಟ್ಟಿದ್ದು ಅಳಿಯಂದ್ರೆ" ಎಂದರು ಅತ್ತೆ. "ಸಾವಾದ ಮನೆಯಿಂದ ಹೊಸ ಬಟ್ಟೆ ಹೆಂಗೆ ಕೊಡೋದು ಅಂತ ಇಟ್ಟೆ. ಆಮೇಲೆ ಯಾವ ಮುಖ ಇಟ್ಕೊಂಡು ಕೊಡೋದು ಅಂತ ಸುಮ್ನಾದೆ. ನೀವು ತಮಾಷೆಗೆ ಆಡ್ತೀರಿ ಅಂತ ಗೊತ್ತು. ಆದ್ರೂ ಅವರಿವರ ಬಾಯಲ್ಲಿ ಕೇಳಿದಾಗೆಲ್ಲ ಕರುಳು ಚುರುಕ್ ಅನ್ನೋದು."

ನನಗೆ ನಿಜವಾಗಿ ನಾಚಿಕೆಯಾಯಿತು. ಸೊಪ್ಪು ತರುವುದನ್ನು ತಪ್ಪಿಸಿಕೊಳ್ಳಲು ನಾನು ಆಡಿದ ಮಾತು ಈ ಮುದುಕಿಯ ಎದೆಯಲ್ಲಿ ಇಷ್ಟು ವರ್ಷ ಮುಳ್ಳಾಡಿಸಿತ್ತು. ಅವರ ಕಾಲಿಗೆ ಬಿದ್ದೆ. "ಇನ್ನು ಆ ಮಾತು ಆಡಿದ್ರೆ ಕೇಳಿ ಅತ್ತೆ" ಎಂದೆ. ಅತ್ತೆ ಕಣ್ಣೊರೆಸಿಕೊಂಡು, "ಮೊದಲು ಷರಟು ಹಾಕ್ಕೊಳ್ಳಿ" ಎಂದರು. ಹಾಕಿಕೊಂಡೆ. ಮೂವತ್ತು ತುಂಬದ ಹುಡುಗನ ಅಳತೆ ಅದು. ಮೇಲಿನ ಗುಂಡಿ ಒಂದು, ಕೆಳಗಿನದೊಂದು ಹಾಕಲು ಬಂದವು, ನಡುವಿನ ಮೂರಕ್ಕೆ ನನ್ನ ಹೊಟ್ಟೆ ಒಪ್ಪಲಿಲ್ಲ. ಹಸಿರು ಸೀರೆಯನ್ನು ಅಡುಗೆಮನೆಯಿಂದ ಬಂದ ಶಾರದೆ ಕಣ್ಣಿಗೊತ್ತಿಕೊಂಡು ಕಂಕುಳಲ್ಲಿ ಇರುಕಿಕೊಂಡಳು. "ಎಲೆ ಹಾಕ್ಲಾ, ಹೊತ್ತಾಯ್ತು" ಎಂದು ಹೊರಟೇಬಿಟ್ಟಳು. ಮತ್ತೆ ನನ್ನನ್ನು ಮಣೆಯ ಮೇಲೆ ಕೂರಿಸಿ ಆರತಿ ಎತ್ತಿ ಫೋಟೋ ತೆಗೆದರು.

ಊಟಕ್ಕೆ ಹೋಳಿಗೆ, ಜೊತೆಗೆ ಮಾವಿನಹಣ್ಣಿನ ಸೀಕರಣೆ. ನಿಜವಾದ ದೀಪಾವಳಿಯಲ್ಲಿ ಸೀಕರಣೆ ಸಿಗುವುದಿಲ್ಲವಾದ್ದರಿಂದ ಈ ಹಬ್ಬವನ್ನು ಮೇ ತಿಂಗಳಿಗೇ ಖಾಯಂ ಮಾಡಬೇಕೆಂದು ಇಡೀ ಪಂಕ್ತಿ ತೀರ್ಮಾನಿಸಿತು. ನನ್ನ ಮೊದಲ ಹೋಳಿಗೆಯ ಹೂರಣದೊಳಗೆ ಹತ್ತಿ ಇಟ್ಟಿದ್ದರು. ಅಳಿಯನಿಗೆ ಮಾಡುವ ಕೀಟಲೆ. ಶುಗರ್ ಇರುವ ನನಗೆ ಡಾಕ್ಟರು ಒಪ್ಪುವ ಹೋಳಿಗೆ ಅದೊಂದೇ ಎಂದು ಷಡ್ಡಕ ಹೇಳಿದ.

ಸಂಜೆಯ ಬಸ್ಸಿನಲ್ಲಿ ವಾಪಸಾಗುವಾಗ ಮನೆಯವರ ಗ್ರೂಪಿನಲ್ಲಿ ಫೋಟೋ ಬಂತು. ಹೊಟ್ಟೆ ಬಿಟ್ಟುಕೊಂಡು, ಎಣ್ಣೆ ಮಿಂಚುವ ತಲೆಯಲ್ಲಿ ನಾನು. ಪಕ್ಕದ ಮಣೆಯ ಮೇಲೆ ಎಣ್ಣೆ ಬಟ್ಟಲು. ನಗುತ್ತ ಶಾರದೆಗೆ ತೋರಿಸಿದೆ. ಅವಳು ಕನ್ನಡಕ ಏರಿಸಿಕೊಂಡು ಸ್ವಲ್ಪ ಹೊತ್ತು ನೋಡಿದಳು.

"ಬಟ್ಟಲು ಚೆನ್ನಾಗಿ ಬಂದಿದೆ" ಎಂದಳು. ನಾನು ನಗುವಷ್ಟರಲ್ಲಿ ಅವಳೇ ಮುಂದುವರಿಸಿದಳು. "ಆ ವರ್ಷ ನಂಗೂ ಮೊದಲನೇ ದೀಪಾವಳಿನೇ ಅಲ್ವೇನ್ರೀ? ತೀರ್ಕೊಂಡಿದ್ದು ನಮ್ಮಜ್ಜ. ಇಷ್ಟು ವರ್ಷದಲ್ಲಿ ಒಂದು ದಿನ ನೆನಪಾಯ್ತಾ ನಿಮಗೆ?"

ಅವಳ ಮಡಿಲಲ್ಲಿ ಆ ಹಸಿರು ಸೀರೆ ಮಡಿಕೆ ಬಿಚ್ಚದೆ ಹಾಗೇ ಇತ್ತು. ನೆನಪಾಗಿರಲಿಲ್ಲ, ಒಂದೇ ಒಂದು ದಿನವೂ. ಫೋನನ್ನು ಜೇಬಿಗಿಟ್ಟು ಶಿವಮೊಗ್ಗ ಬರುವವರೆಗೆ ಆ ಸೀರೆಯನ್ನೇ ನೋಡುತ್ತ ಕೂತೆ.

ಸೋಮವಾರ ಬೆಳಿಗ್ಗೆ ಅವಳಿಗಿಂತ ಮುಂಚೆ ಎದ್ದೆ. ನಡುಮನೆಯಲ್ಲಿ ಮಣೆ ಹಾಕಿ, ನನಗೆ ಬಂದ ಹಾಗೆ ನಾಲ್ಕು ಎಳೆ ರಂಗೋಲಿ ಎಳೆದು, ಎಣ್ಣೆ ಬೆಚ್ಚಗೆ ಮಾಡಿ, ಗೀಸರ್ ಹಾಕಿ ಕಾದು ಕೂತೆ. ಶಾರದೆ ಎದ್ದು ಬಂದವಳು ಮಣೆ ನೋಡಿದಳು, ರಂಗೋಲಿ ನೋಡಿದಳು, ನನ್ನನ್ನು ನೋಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನೀರು ಬರೀ ನಗುವಿನದ್ದಲ್ಲ ಎಂದು ನನಗೂ ಗೊತ್ತಾಯಿತು. ಆಮೇಲೆ ಬಗ್ಗಿ ಮಣೆ ಎತ್ತಿ ಗೋಡೆಗೆ ಒರಗಿಸಿದಳು.

"ಯಾಕೆ ಮಾರಾಯ್ತಿ, ಕೂತ್ಕೊಳ್ಳೇ" ಎಂದೆ.

"ಬೇಡ. ಇಪ್ಪತ್ತೇಳು ವರ್ಷ ಆ ಕೊರಗನ್ನ ನೀವು ಎಷ್ಟು ಚೆನ್ನಾಗಿ ಇಟ್ಕೊಂಡಿದ್ರಿ. ನಂಗೆ ನಿನ್ನೆ ಸಂಜೆ ಸಿಕ್ಕಿದ್ದು, ಬೆಳಿಗ್ಗೆನೇ ಕಿತ್ಕೊಳ್ತೀರಾ?" ಎಂದವಳು ಬಾಗಿಲ ಹಿಂದಿನ ಚೀಲ ತೆಗೆದು ನನ್ನ ಕೈಗಿತ್ತಳು. "ಮೊದಲನೇ ದೀಪಾವಳಿ ಕಾಣದ ಹೆಂಗಸು ನಾನು. ಎರಡು ಕಟ್ಟು ದಂಟು, ಒಂದು ಕಟ್ಟು ಸಬ್ಬಸಿಗೆ. ಬಾಡಿದ್ದು ತರ್ಬೇಡಿ."

ಹೊರಟೆ. ಸೊಪ್ಪಿನವಳ ಗಾಡಿಯವರೆಗೂ ನೆತ್ತಿಯಿಂದ ನಿನ್ನೆಯ ಹರಳೆಣ್ಣೆ ಇಳಿಯುತ್ತಲೇ ಇತ್ತು.