ಚಿಗವ್ವನ ಕಣ್ಣು, ನನ್ನ ಧಾರಾವಾಹಿ

ಒಂದೂರಲ್ಲಿ ಕೂತು ಉಂಡವನಲ್ಲ ನಾನು. ಐದನೇ ಇಯತ್ತೆಗೆ ಸಾಲಿ ಬಿಟ್ಟವನು ಈಗ ಬೈಕಿನ ಹಿಂದೆ ಪ್ಲಾಸ್ಟಿಕ್ ಕೊಡ, ಬುಟ್ಟಿ ಕಟ್ಟಿಕೊಂಡು ಗೋಕಾಕ, ಮೂಡಲಗಿ, ಹುಕ್ಕೇರಿ ಅಂತ ತಿರುಗುತ್ತೇನೆ. ಸಂಜೆ ಹೊತ್ತಿಗೆ ಕೊಡ ಖಾಲಿಯಾದರೂ ಆಗಬಹುದು, ಫಜೀತಿ ಖಾಲಿಯಾಗುವುದಿಲ್ಲ. ಕಳೆದ ವಾರ ನಾನು ಓದಿದ್ದು, ನೋಡಿದ್ದು, ಕೇಳಿದ್ದು ಎಲ್ಲಾ ಒಂದು ಕಣ್ಣಿನ ಸಲುವಾಗಿ.

ಅಳಬಾರದು

ಘೋಡಗೇರಿಯ ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಗೋಕಾಕದಲ್ಲಿ ಕಣ್ಣಿನ ಪೊರೆ ತೆಗೆಸಿದಳು. ಡಾಕ್ಟರು ಕರಿ ಗಾಜಿನ ಚಾಳೀಸು ಹಾಕಿ ಕಟ್ಟಳೆ ಹೇಳಿದರು. "ಒಂದು ವಾರ ಬಗ್ಗಬ್ಯಾಡ್ರಿ, ಟಿ.ವಿ. ನೋಡಬ್ಯಾಡ್ರಿ. ಮುಖ್ಯ, ಅಳಬ್ಯಾಡ್ರಿ. ಅತ್ತು ಕಣ್ಣ ತಿಕ್ಕಿದ್ರ ಕೆಟ್ಟ ಹೋಗತೈತಿ."

"ಅಳದ ಧಾರಾವಾಹಿ ಹೆಂಗ ನೋಡೂದ್ರಿ?" ಅಂದಳು ಚಿಗವ್ವ.

"ನೋಡೂದ ಬ್ಯಾಡ ಅಂದೆನಲ್ಲವ್ವಾ."

"ಹಂಗಾದ್ರ ಕೇಳತೇನಿ ಬಿಡ್ರಿ."

ಅವಳದೂ ತಪ್ಪಲ್ಲ. ಧಾರಾವಾಹಿ ಅಂಥ ಜಾಗದಲ್ಲಿ ಬಂದು ನಿಂತಿತ್ತು. ಶ್ರೀಮಂತರ ಮನೆ. ಸಣ್ಣ ಮಗನಿಗೆ ನಿಶ್ಚಯವಾದ ಬಡ ಹುಡುಗಿ, ಮುದುಕ ಯಜಮಾನನಿಗೆ ಹಾಲಿನ ಗಿಲಾಸು ಹಿಡಿದು ಪಾವಟಿಗೆ ಹತ್ತುತ್ತಿದ್ದಾಳೆ. ಹಾಲಿನಲ್ಲಿ ದೊಡ್ಡ ಸೊಸೆ ಏನೋ ಬೆರೆಸಿದ್ದು ಪಾಪ ಅವಳಿಗೆ ಗೊತ್ತಿಲ್ಲ.

ಮೊದಲ ದಿನ ಬಾಜೂ ಮನೆಯ ವೈನಿ ಕಥೆ ಹೇಳಲು ಬಂದರು. "ಅಕ್ಕಾ, ಆ ಹುಡುಗಿ..." ಅಂದವರೇ ಸೆರಗು ಬಾಯಿಗಿಟ್ಟು ಅಳತೊಡಗಿದರು. ಚಿಗವ್ವನ ಗದ್ದ ನಡುಗಿತು. ನಾನು ಟಿ.ವಿ.ಗೆ ಟಾವೆಲ್ ಹೊದಿಸಿ, ವೈನಿಯನ್ನು ಎಬ್ಬಿಸಿದೆ. ಆ ವಾರ ಅವಳ ಮನೆಯಲ್ಲೇ ಉಳಿದಿದ್ದ ನನಗೇ ಕಥೆ ಹೇಳುವ ಕೆಲಸ ಬಿತ್ತು. ವೈನಿಗೆ ಅನುಮಾನ.

"ಇಂವಗ ಬರತೈತೇನ್ರಿ ಅಕ್ಕಾ?"

"ಇಂವನ ಕಡೆ ಅಳೂದ ಇಲ್ಲ," ಅಂದಳು ಚಿಗವ್ವ. "ಸಣ್ಣಾಂವ ಇದ್ದಾಗ ಅವ್ವ ಹೊಡದ್ರ ಅಳತಿದ್ದಿಲ್ಲ. ಊರ ಬಿಡತಿದ್ದ."

ನೋಡಿದ್ದು

ಧಾರಾವಾಹಿ ಸಂಜೆ ಬರುತ್ತದೆ, ಆ ಹೊತ್ತಿಗೆ ನಾನು ಯಾವುದೋ ಊರಲ್ಲಿ ಇರುತ್ತೇನೆ. ಮರುದಿನ ಕಲ್ಲೋಳಿಯ ಒಂದು ಚಹಾದಂಗಡಿಯಲ್ಲಿ ಟಿ.ವಿ. ಸಿಕ್ಕಿತು. ಚಿತ್ರ ಇತ್ತು, ದನಿ ಇರಲಿಲ್ಲ. ಹುಡುಗಿ ಪಾವಟಿಗೆ ಮೇಲೆ ಗಿಲಾಸು ಹಿಡಿದು ನಿಂತಿದ್ದಾಳೆ. ಕೆಳಗೆ ಅತ್ತೆಯೂ ದೊಡ್ಡ ಸೊಸೆಯೂ ಬಾಯಿ ತೆಗೆಯುತ್ತಾರೆ, ಮುಚ್ಚುತ್ತಾರೆ. ಚಹಾ ಆರಿತು, ಅವರು ಆರಲಿಲ್ಲ.

"ಮಾಲಕರ, ಸ್ವಲ್ಪ ದನಿ ಕೊಡ್ರಿ. ಏನಂತಾರ ಕೇಳೂಣು."

ಮಾಲಕ ಸೋಸುವ ಅರಿವೆ ಹಿಂಡುತ್ತ ಹೇಳಿದ, "ಅತ್ತಿ ಸೊಸಿ ಏನಂತಾರ ಅನ್ನೂದ ಮನ್ಯಾಗ ಮುಂಜಾನಿಂದ ಕೇಳಿ ಬಂದೇನ್ರಿ. ಇಲ್ಲಿ ಅವರ ಬಾಯಿ ಬಂದ್ ಮಾಡಾಕರ ಬರತೈತಿ. ಅಷ್ಟ ಸುಖಾ ಇರಲಿ ಬಿಡ್ರಿ."

ಕೇಳಿದ್ದು

ನನ್ನ ಫೋನು ಬೈಕಿನಿಂದ ಬಿದ್ದ ಮೇಲೆ ಹಾಡುತ್ತದೆ, ತೋರಿಸುವುದಿಲ್ಲ. ಮರುದಿನ ಧುಪದಾಳದ ಹತ್ತಿರ ಬೇವಿನ ಗಿಡದ ಕೆಳಗೆ ಕೂತು ಅದರಲ್ಲೇ ಧಾರಾವಾಹಿ ಹಚ್ಚಿದೆ. ಬಾಜೂಕ ಒಬ್ಬ ಕುರುಬರ ಕಾಕಾ ಕುರಿ ತರುಬಿ ಕೂತಿದ್ದ. ಫೋನಿನಿಂದ ಧಡ್ ಧಡ್ ಅಂತ ಸಪ್ಪಳ, ಆಮೇಲೆ ಒಂದು ಹೆಣ್ಣುದನಿ ನರಳಿತು. ಮತ್ತೆ ಧಡ್. ಮತ್ತೆ ನರಳಿಕೆ. ಮಾತು ಒಂದೂ ಇಲ್ಲ.

"ಕಾಕಾ, ಏನಾಗಿರಬೇಕ್ರಿ ಈಕಿಗೆ?"

ಕಾಕಾ ತಂಬಾಕು ತಿಕ್ಕುವುದನ್ನು ನಿಲ್ಲಿಸಿ ಕಿವಿ ಕೊಟ್ಟ. "ಹೆರಿಗಿ ಬ್ಯಾನಿ. ಇಡೀ ಜನ್ಮ ಇದನ್ನ ಕೇಳೇನಿ ನಾ."

"ಖರೇನ?"

"ತಡದ ತಡದ ನರಳಾಕತ್ತಾಳಲ್ಲ, ಅವಳಿ ಅದಾವ."

ಅನುಭವಸ್ಥನ ಮಾತು, ತೆಗೆದುಹಾಕುವುದು ಹೇಗೆ? ಮನೆಗೆ ಬಂದು ಹೇಳಿದೆ. "ಚಿಗವ್ವಾ, ಹಡದಳು. ಅವಳಿ. ತಾಯಿ ಕೂಸು ಎಲ್ಲಾ ಆರಾಮ. ಯಾರೂ ಅತ್ತಿಲ್ಲ."

ಚಿಗವ್ವ ಗೋಡೆಗೆ ಒರಗಿದವಳು ಸೆಟೆದು ಕೂತಳು. ಬಾಗಿಲಲ್ಲಿ ನಿಂತಿದ್ದ ವೈನಿ ಬಿಡಲಿಲ್ಲ. "ಲಗ್ನ ಆಗಿಲ್ಲಲ್ಲೋ ತಮ್ಮಾ ಅಕಿಂದು?"

ನನಗೆ ಕಾಲು ತುರಿಸತೊಡಗಿದವು. ಬೈಕು ಅಂಗಳದಲ್ಲೇ ಇತ್ತು. ಆದರೆ ಒಲೆಯ ಮೇಲೆ ಪುಂಡಿಪಲ್ಲೆ ಕುದಿಯುತ್ತಿತ್ತು.

"ಜಾಹೀರಾತಿನ್ಯಾಗ ಆತು," ಅಂದೆ. "ಸಾದಾ ಲಗ್ನ."

ಓದಿದ್ದು

ಹುಕ್ಕೇರಿಯಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡೆ. ಭಜಿ ತೀರಿದ ಮೇಲೆ ಕಾಗದ ನೋಡಿದರೆ ನಮ್ಮದೇ ಧಾರಾವಾಹಿಯ ಸುದ್ದಿ, ಮುಂದೆ ಏನಾಗಲಿದೆ ಅಂತ. ಬೈಕು ಬದಿಗೆ ಹಚ್ಚಿ, ಕಾಗುಣಿತ ಕೂಡಿಸಿಕೊಂಡು ಜೋರಾಗಿ ಓದಿದೆ. "ಗಿಲಾಸಿನಲ್ಲಿರುವ ಹಾಲನ್ನು ಆಕೆ ಕೊನೆಗೂ..." ಅಲ್ಲಿಂದ ಮುಂದೆ ಎಣ್ಣೆ ಹತ್ತಿ, ಹಿಂದಿನ ಪುಟದ ಅಕ್ಷರ ಕನ್ನಡಿಯಲ್ಲಿ ಕಂಡಹಾಗೆ ಈಚೆಗೆ ಬಂದಿದ್ದವು. ತಿರುಗಿಸಿ ಅದನ್ನೇ ಮುಂದುವರಿಸಿದೆ. "...ಗಿಡದ ಬುಡಕ್ಕೆ ಹಾಕಿದರೆ ಹುಳುಗಳು ಸಾಯುತ್ತವೆ."

ಆ ಕಡೆ ರೈತರಿಗೆ ಸಲಹೆ ಬರೆದಿದ್ದರು ಅಂತ ನನಗೂ ಗೊತ್ತಾಯಿತು. ಆದರೆ ಎಷ್ಟು ಚಂದ ಕೂಡಿತು ನೋಡಿರಿ. ಸಂಜೆ ಹಾಗೇ ಹೇಳಿದೆ. ಬಾಣಂತಿಗೆ ಅನುಮಾನ ಬಂತು, ಹಾಲನ್ನು ತುಳಸಿ ಬಿಟ್ಟು ಬೇರೆ ಗಿಡಕ್ಕೆ ಹಾಕಿದಳು, ಹುಳು ಸತ್ತವು, ವಿಷ ಇದ್ದದ್ದು ಬಯಲಾಯಿತು, ಪೊಲೀಸರು ದೊಡ್ಡ ಸೊಸೆಯನ್ನು ಒಯ್ದರು. ಚಿಗವ್ವ ನಿರಾಳವಾಗಿ ಉಸಿರು ಬಿಟ್ಟು ಎರಡು ರೊಟ್ಟಿ ಜಾಸ್ತಿ ಉಂಡಳು.

ಮರುದಿನ ಮುಂಜಾನೆ ಬೈಕು ಚಾಲೂ ಮಾಡುವಾಗ ವೈನಿಯ ಗಂಡ ಬೇಲಿಯ ಆಚೆಯಿಂದ ಕರೆದ. "ತಮ್ಮಾ, ಆ ದೊಡ್ಡ ಸೊಸಿ ಯಾವ ಹುಳದ ಎಣ್ಣಿ ಹಾಕಿದ್ಳಂತ? ನಮ್ಮ ಬದನಿಕಾಯಿಗೆ ಯಾವದೂ ಹತ್ತವಲ್ದು."

ತೊಟ್ಟಿಲು

ಅಷ್ಟರಲ್ಲಿ ಓಣಿಯ ಹೆಂಗಸರೆಲ್ಲ ನಮ್ಮ ಕಟ್ಟೆಗೆ ಬಂದು ಕೂಡತೊಡಗಿದ್ದರು. ಅವತ್ತು ಕೂಸುಗಳನ್ನು ತೊಟ್ಟಿಲಿಗೆ ಹಾಕಿದೆ. ಇನ್ನು ಅಳುವುದು ಏನಿದೆ ಅಂತ ನನ್ನ ಲೆಕ್ಕ. ಆದರೆ ಒಬ್ಬ ಮುದುಕಿ ಜೋಗುಳ ಎತ್ತಿದಳು, ಚಿಗವ್ವ ದನಿಗೂಡಿಸಿದಳು, ದನಿ ಒಡೆಯಿತು. ಕೈ ಚಾಳೀಸಿನ ಕಡೆ ಹೋಯಿತು.

ಇಷ್ಟು ದಿನ ಕಾಯ್ದ ಕಣ್ಣು. ಅವಸರದಲ್ಲಿ ಜೈಲಿಂದ ದೊಡ್ಡ ಸೊಸೆಯನ್ನು ಬಿಡಿಸಿ ತಂದು, ಕಾಲು ಜಾರಿಸಿ, ಪಾಯಸದ ಬೋಗುಣಿಯಲ್ಲಿ ಕೂರಿಸಿದೆ. ಕಟ್ಟೆ ತುಂಬ ನಗು. ಚಿಗವ್ವ ಹೊಟ್ಟೆ ಹಿಡಿದು ನಕ್ಕಳು, ನಕ್ಕು ನಕ್ಕು ಕಣ್ಣಲ್ಲಿ ಮತ್ತೆ ನೀರು. ಕೈ ಮತ್ತೆ ಮೇಲೆ. ಇದನ್ನು ಡಾಕ್ಟರು ಹೇಳಿರಲಿಲ್ಲ.

ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡು, ದೊಡ್ಡ ಕೊಡದ ರೇಟು, ಸಣ್ಣ ಕೊಡದ ರೇಟು, ಮುಚ್ಚಳ ಇದ್ದದ್ದರ ರೇಟು ಹೇಳತೊಡಗಿದೆ. ಎಲ್ಲರ ಮುಖವೂ ಒಮ್ಮೆಲೇ ಒಣಗಿತು.

ಚಾಳೀಸು ತೆಗೆದದ್ದು

ವಾರ ಮುಗಿದು ಗೋಕಾಕಕ್ಕೆ ಹೋದೆವು. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, "ಕಣ್ಣ ಛಲೋ ಕೂಡೇತಿ. ಟಿ.ವಿ. ನೋಡ್ರಿ ಇನ್ನ," ಅಂದರು. ಚಿಗವ್ವನಿಗೆ ಹಬ್ಬ. ನಾನು ಮಾತ್ರ ಬೈಕಿಗೆ ಪೆಟ್ರೋಲು ತುಂಬಿಸಿಕೊಂಡೆ.

ಸಂಜೆ ಓಣಿಯ ಹೆಂಗಸರೆಲ್ಲ ಬಂದರು. ವೈನಿ ಟಾವೆಲ್ ಎಳೆದು ಟಿ.ವಿ. ಹಚ್ಚಿದರು. ನಾನು ಬಾಗಿಲ ಬದಿಗೆ ಚಪ್ಪಲಿ ಮೆಟ್ಟಿಕೊಂಡು, ಬೈಕಿನ ಕೀಲಿ ಹಿಡಿದು ನಿಂತೆ.

ಧಡ್ ಧಡ್ ಅಂತು. ಪಾವಟಿಗೆ ಬಂತು. ಪಾವಟಿಗೆ ಮೇಲೆ ಆ ಹುಡುಗಿ, ಅದೇ ಸೀರೆ, ಕೈಯಲ್ಲಿ ಅದೇ ಹಾಲಿನ ಗಿಲಾಸು. ವಾರಪೂರ್ತಿ ಅವಳು ಹತ್ತಿದ್ದು ಒಂದು ಪಾವಟಿಗೆ ಆಗಿರಬೇಕು. ಕೆಳಗೆ ದೊಡ್ಡ ಸೊಸೆ, ಜೈಲಿನ ಗಾಳಿಯೂ ತಾಗದ ಹಾಗೆ ಮೈತುಂಬ ಬಂಗಾರ ಹೇರಿಕೊಂಡು ನಿಂತಿದ್ದಳು.

ವೈನಿ ಒಮ್ಮೆ ಟಿ.ವಿ. ನೋಡಿದರು, ಒಮ್ಮೆ ನನ್ನನ್ನು.

ಚಿಗವ್ವ ಹೊಸ ಕಣ್ಣು ಕಿರಿದು ಮಾಡಿ ಜಾಹೀರಾತು ಬರುವ ತನಕ ನೋಡಿದಳು. "ಆ ಹಾಲ ಇಷ್ಟೊತ್ತಿಗೆ ಮಸರ ಆಗಿರತೈತಿ," ಅಂದಳು. ಆಮೇಲೆ, "ಬಂದ್ ಮಾಡವ್ವಾ ಅದನ್ನ."

"ಯಾಕ್ರಿ ಅಕ್ಕಾ, ಇಂವ ನಿಮಗ ಇಷ್ಟ ದಿನಾ..."

"ನಿನಗ ಗೊತ್ತಿದ್ದಿಲ್ಲೇನ? ದಿನಾ ನೋಡಾಕಿ ನೀ."

ವೈನಿ ಸೆರಗು ಸರಿಮಾಡಿಕೊಂಡರು. "ನಾನೂ ನೋಡೂದ ಬಿಟ್ಟೇನ್ರಿ. ಅವಳಿ ಹುಟ್ಟಿದಾಗಿಂದ."

"ಮತ್ತ? ಪಾಪ, ಅವರು ಹಿಂದ ಉಳದಾರ, ನಾವು ಮುಂದ ಹೋಗೇವಿ," ಅಂತ ಚಿಗವ್ವ ಬಾಗಿಲ ಕಡೆ ತಿರುಗಿದಳು. "ತಮ್ಮಾ, ಆ ಚಪ್ಪಲಿ ಬಿಚ್ಚಿ ಒಳಗ ಬಾ. ಕೂಸುಗಳಿಗೆ ಹಲ್ಲ ಬಂದಾವೇನ, ಹೇಳ."