ಕೋರೆಹಲ್ಲಿನ ಭೂತಕ್ಕೆ ನನ್ನ ಮಗಳೇ ಕಾವಲು

ಬೇರೆಯವರಿಗೆ ಸಿನಿಮಾ ಟಾಕೀಸಿನಲ್ಲೇ ಮುಗಿಯುತ್ತದೆ. ನಮ್ಮ ಮನೆಯವರಿಗೆ ಹೊರಗೆ ಬಂದ ಮೇಲೆ ಶುರುವಾಗುತ್ತದೆ. ಆ ವರ್ಷ ತಿರುಪ್ಪೂರಿಗೆ ಬಂದ ಕಾರ್ಟೂನ್ ಸಿನಿಮಾ ಏನೇನು ಮಾಡಿತು ಕೇಳಿ.

ಟಾಕೀಸಿನಲ್ಲಿ

ಕಥೆ ಇಷ್ಟೇ. ರೆಕ್ಕೆಯ ಸಿಂಹ, ಕೊಂಬಿನ ಕುದುರೆ, ಬೆಂಕಿ ಉಗುಳುವ ಹಾವು, ಇವನ್ನೆಲ್ಲ ಕೊಲ್ಲಲು ಬೇಟೆಗಾರರು ಬರುತ್ತಾರೆ. ಒಬ್ಬ ಪುಟ್ಟ ಹುಡುಗಿ ಅವನ್ನು ಬಚ್ಚಿಟ್ಟು ಕಾಪಾಡುತ್ತಾಳೆ. ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್ ಆಗಿರುವ ನಮ್ಮ ಯಜಮಾನರು, "ಮಕ್ಕಳ ಪಿಕ್ಚರ್, ನಾನು ನಿದ್ದೆ ಮಾಡ್ತೀನಿ" ಎಂದು ಕೂತರು. ಬೇಟೆಗಾರರು ಬಲೆ ಬೀಸುವ ಹೊತ್ತಿಗೆ ಸೀಟಿನ ಮೇಲೆ ನಿಂತಿದ್ದರು. ಹಿಂದಿನ ಸಾಲಿನ ಅಜ್ಜ ಕಣ್ಣು ಕಾಣದೆ, "ಮಗುವನ್ನ ಕೂರಿಸಮ್ಮ" ಎಂದರು.

ಮಗಳು ತಿರುಗಿ, "ನಾನು ಕೂತೇ ಇದ್ದೀನಿ ತಾತಾ. ಅದು ನಮ್ಮಪ್ಪ" ಅಂದಳು.

ಬಾಗಿಲ ಮುಂದೆ

ಮಾರನೆಯ ದಿನದಿಂದ ವಿಚಿತ್ರ ಪ್ರಾಣಿಗಳನ್ನೆಲ್ಲ ಕಾಪಾಡುವುದು ಅವಳ ಕೆಲಸವಾಯಿತು. ನಾನು ಬಾಗಿಲಿಗೆ ಗಂಡಭೇರುಂಡದ ರಂಗೋಲಿ ಹಾಕಿದ್ದೇ ತಪ್ಪು. ಯಾರೂ ಅದನ್ನು ತುಳಿಯಕೂಡದು ಎಂದು ಹೊಸ್ತಿಲಲ್ಲಿ ಕೂತಳು. ನಮ್ಮತ್ತೆ ಹಿತ್ತಿಲಿಂದ ಸುತ್ತಿ ಬೀದಿಗೆ ಹೋದರು. ಹಾಲಿನವನು ಬೀದಿಯಲ್ಲೇ ನಿಂತು ಕೈ ಚಾಚಿ ಚಾಚಿ ಸೋತ.

"ಅಕ್ಕಾ, ನಾಳೆಯಿಂದ ಒಂದು ಹೂವು ಬಿಡಿಸಿ ಸಾಕು. ಇದಕ್ಕೆ ಎರಡು ತಲೆ, ನನಗಿರೋದು ಒಂದೇ ಸೊಂಟ" ಎಂದ.

ಗೃಹಪ್ರವೇಶ

ಮೈದುನ ಕಾರಮಡೈನಲ್ಲಿ ಮನೆ ಕಟ್ಟಿಸಿದ. ದೃಷ್ಟಿಯಾಗದಿರಲಿ ಎಂದು ಕೋರೆಹಲ್ಲು, ಗಿರಿಜಾ ಮೀಸೆ ಬರೆದ ಬೂದುಗುಂಬಳವನ್ನು ಮುಂದೆ ತೂಗುಹಾಕಿದ್ದರು. ಗೃಹಪ್ರವೇಶದ ದಿನ ಅದನ್ನು ನಿವಾಳಿಸಿ, ಬೀದಿಯಲ್ಲಿ ಒಡೆದು, ಆಮೇಲೆ ಒಳಗೆ ಕಾಲಿಡಬೇಕು. ಹಸು ಬಂತು, ಪುರೋಹಿತರು ಬಂದರು, ಕುಂಬಳಕಾಯಿ ಮಾತ್ರ ಇಲ್ಲ. ಕೆಳಗಿಳಿಸಿಟ್ಟದ್ದು ಮಾಯ.

ನನಗೆ ತಕ್ಷಣ ಗೊತ್ತಾಯಿತು. ಮಗಳನ್ನು ಮೂಲೆಗೆ ಎಳೆದೆ. "ಎಲ್ಲಿಟ್ಟೆ?"

"ಹೇಳಲ್ಲ. ನೀವೆಲ್ಲ ಬೇಟೆಗಾರರು."

"ಮುಹೂರ್ತ ಮೀರುತ್ತೆ ಕಣೇ. ಚಿಕ್ಕಪ್ಪ ಒಳಗೆ ಹೋಗಬೇಡವಾ?"

"ಚಿಕ್ಕಪ್ಪ ಒಳಗೆ ಹೋಗೋಕೆ ಅದರ ತಲೆ ಯಾಕೆ ಒಡೀಬೇಕು?"

ಪುರೋಹಿತರು ಗಡಿಯಾರ ನೋಡಿದರು. ಮೈದುನ ತನ್ನ ಗಿರಿಜಾ ಮೀಸೆಯ ತುದಿ ಕಚ್ಚುತ್ತ ನಿಂತ.

ಅಷ್ಟರಲ್ಲಿ ನೆಗಮಂನಿಂದ ಬಂದಿದ್ದ ದೊಡ್ಡಮ್ಮ, ಮೈದುನನ ಕೂಸನ್ನು ನೋಡಲೆಂದು ಚಪ್ಪರದ ಮೂಲೆಯ ಸೀರೆ ತೊಟ್ಟಿಲಿಗೆ ಬಗ್ಗಿದರು. ಕೂಸು ಅದರಮ್ಮನ ಕಂಕುಳಲ್ಲಿತ್ತು. ದೊಡ್ಡಮ್ಮನಿಗೆ ಕಣ್ಣು ಮಂಜು. ಕೈ ಆಡಿಸಿ, ಲಟಿಕೆ ಮುರಿದು, ಎಲ್ಲರಿಗೂ ಕೇಳುವಂತೆ ಹೇಳಿದರು: "ಥೇಟ್ ಅಪ್ಪನದೇ ಮೂತಿ. ಮೀಸೆ ಮಾತ್ರ ಸ್ವಲ್ಪ ಬೇಗ ಬಂದುಬಿಟ್ಟಿದೆ."

ಚಪ್ಪರವೆಲ್ಲ ನಕ್ಕಿತು. ಮೈದುನ ಓಡಿ ತೊಟ್ಟಿಲಿನಿಂದ ಕುಂಬಳಕಾಯಿ ಎತ್ತಿಕೊಂಡ. ಮಗಳು ಅವನ ಕಾಲಿಗೆ ಜೋತುಬಿದ್ದಳು. ಅತ್ತೆ ಮಗನ ಮುಖ, ಕುಂಬಳಕಾಯಿಯ ಮುಖ ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ, ಕಾಯಿಯನ್ನು ಕಿತ್ತುಕೊಂಡರು.

"ನನ್ನ ಮಗನ ಮೂತಿ ಅಂತ ಹಿರಿಯರ ಬಾಯಲ್ಲಿ ಬಂದ ಮೇಲೆ ನಡುಬೀದೀಲಿ ಒಡೀತೀರಾ? ಅಡುಗೆಯವರ ಹತ್ತಿರ ಇನ್ನೊಂದು ಇರುತ್ತೆ, ತನ್ನಿ."

ತಂದರು. ಪುರೋಹಿತರು ಅದನ್ನು ಹಿಡಿದು ಮನೆಯ ಕಡೆ ತಿರುಗಿದರು. ಅತ್ತೆ ಮೀಸೆಯ ಕುಂಬಳಕಾಯಿಯನ್ನು ಮುಂದೆ ಹಿಡಿದು ತಡೆದರು.

"ಸ್ವಾಮೀ, ಮನೆ ಆಮೇಲೆ. ಊರವರ ಕಣ್ಣೆಲ್ಲ ಇದರ ಮೇಲೇ ಬಿದ್ದಿದೆ, ಮೊದಲು ಈ ಕುಂಬಳಕಾಯಿಗೆ ದೃಷ್ಟಿ ತೆಗೀರಿ."