ಸಾಹೇಬರ ಬೆರಳು

ನಮ್ಮ ಕಾಕಾಗೆ ರೆಕಾರ್ಡ್ ಕಂಪನಿಯಲ್ಲಿ ಸಾಹೇಬರ ಕುರ್ಚಿ ಸಿಕ್ಕಿತೆಂದು ಕೇಳಿ ಪೇಢೆ ಹಂಚಿದವರು ಮನೆಯವರಲ್ಲ, ಗೋಳಗುಮ್ಮಟದ ಹತ್ತಿರ ಅವರಿದ್ದ ಓಣಿಯವರು. ಇನ್ನಾದರೂ ಮಧ್ಯಾಹ್ನ ಒಂದು ನಿದ್ದೆ ತೆಗೆಯಬಹುದಲ್ಲ!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ತಬಲಾ ಬಾರಿಸುವವರು. ತಬಲಾ ಇಲ್ಲದಾಗ ಕೈಗೆ ಸಿಕ್ಕಿದ್ದನ್ನು ಬಾರಿಸುವವರು: ಊಟದ ತಾಟು, ಟಾಂಗಾದ ಹಲಗೆ, ಒಮ್ಮೆ ಕ್ಷೌರದಂಗಡಿಯಲ್ಲಿ ಮುಂದೆ ಕೂತವನ ಬೋಳುತಲೆ. ಆತ ಸಿಟ್ಟಾಗುವ ಬದಲು, ನಡುವೆ ಒಂದು ಕಡೆ ತಾಳ ತಪ್ಪಿತೆಂದು ಹೇಳಿದನಂತೆ. ಕಾಕಾಗೆ ಅದೇ ಅವಮಾನ.

ಎಪ್ಪತ್ತರ ದಶಕದ ನಡುವೆ ಮುಂಬಯಿಯ ಕಂಪನಿಯೊಂದಕ್ಕೆ ನಮ್ಮ ಕಡೆಯ ಹಾಡುಗಾರರನ್ನು ಹುಡುಕಿಕೊಡುವ ಮನುಷ್ಯ ಬೇಕಾಗಿದ್ದ. ಟಿಕೋಟಾ, ಕನಮಡಿ, ಬಿಜ್ಜರಗಿ, ಯಾವ ಊರಿನ ಯಾವ ಕಟ್ಟೆಯ ಮೇಲೆ ಯಾರು ಹಾಡುತ್ತಾರೆಂದು ಕಾಕಾಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಕೋಟು ಬಂತು, ಮೇಜು ಬಂತು. ಮೇಜು ಬಂದದ್ದೇ ತಪ್ಪಾಯಿತು. ಸಾಗವಾನಿ ಮೇಜು, ತಬಲಾದ ಜೋಡಿ ಡಗ್ಗಾಕ್ಕಿಂತ ಚೆನ್ನಾಗಿ ನುಡಿಯುತ್ತಿತ್ತು. ಕೆಲಸದ ಮೇಲೆ ಬಂದವರು ಬಂದ ಕೆಲಸ ಮರೆತು, ತಲೆದೂಗಿ ಹೋಗುತ್ತಿದ್ದರು.

ಕಾಕಾ ಮೊದಲು ಆರಿಸಿದ್ದು ಬಬಲೇಶ್ವರದ ಒಬ್ಬ ಅಜ್ಜನನ್ನು. ತತ್ವಪದ ಹಾಡುವವರು. ಮೀಸೆ ಮೂಡುವ ಮೊದಲಿಂದಲೂ ಕಾಕಾ ಅವರ ಪಕ್ಕದಲ್ಲಿ ಕೂತು ಬಾರಿಸಿದವರು. ಆ ವರ್ಷ ಅಜ್ಜನ ಎದೆ ಬಹಳ ಕೆಟ್ಟಿತ್ತು. ಅದಕ್ಕೇ ಕಾಕಾ ಕಂಪನಿಯ ಬೆನ್ನುಬಿದ್ದು, ಯಂತ್ರವನ್ನೂ ಎಂಜಿನಿಯರನ್ನೂ ಒಬ್ಬ ತಬಲಾದವನನ್ನೂ ಮುಂಬಯಿಯಿಂದ ವಿಜಾಪುರಕ್ಕೇ ಕರೆಸಿದರು. ಸಾಹೇಬರಾದವರು ತಾವೇ ಕೂತು ಬಾರಿಸಬಾರದೆಂಬುದು ಕಂಪನಿಯ ಕಟ್ಟಳೆ.

ಟಿಕೋಟಾದ ಸಾಲಿಯಲ್ಲಿ ಮಾಸ್ತರನಾಗಿದ್ದ ನಾನೂ ಒಂದು ದಿನದ ಸೂಟಿ ಹಾಕಿ ಹೋದೆ. ಸದ್ದು ಒಳಗೆ ಬಾರದಂತೆ ಕಾಕಾನ ಆಫೀಸಿನ ಕಿಟಕಿಗಳಿಗೆಲ್ಲ ದಪ್ಪ ಕೌದಿ ಕಟ್ಟಿದೆವು. ಅಜ್ಜ ಹಾಡಲು ಶುರುಮಾಡಿದರು. ಅಷ್ಟರಲ್ಲಿ ಎಂಜಿನಿಯರ್ ಕೈ ಎತ್ತಿ, ಯಾರೋ ಬಾಗಿಲು ಬಡಿಯುತ್ತಿದ್ದಾರೆ ಎಂದ. ಹೋಗಿ ನೋಡಿದರೆ ಬಾಗಿಲಲ್ಲಿ ಯಾರೂ ಇಲ್ಲ. ಮತ್ತೆ ಹಾಡು, ಮತ್ತೆ ಬಡಿತ. ಕಡೆಗೆ ಕಳ್ಳ ಸಿಕ್ಕ: ಕುರ್ಚಿಯ ಕೈ ಮೇಲೆ ಕುಣಿಯುತ್ತಿದ್ದ ಸಾಹೇಬರ ಬೆರಳು! ಹೀಗಾದರೆ ಮೇಲಿನವರಿಗೆ ತಿಳಿಸಬೇಕಾಗುತ್ತದೆ ಎಂದು ಎಂಜಿನಿಯರ್ ಅವರನ್ನು ಹೊರಗೆ ಕಳಿಸಿದ. ಕಾಕಾ ಎರಡೂ ಕೈ ಕಂಕುಳಲ್ಲಿ ಒತ್ತಿಕೊಂಡು ಬೇವಿನ ಮರದ ಕೆಳಗೆ ಕೂತರು. ನೌಕರಿ ಹೋಯಿತೆಂದೇ ನಾನು ತಿಳಿದೆ.

ಒಳಗೆ ಹಾಡು ಮುಂದೆ ಸಾಗಲಿಲ್ಲ. ಮುಂಬಯಿಯವನು ಚೆನ್ನಾಗಿಯೇ ಬಾರಿಸುತ್ತಿದ್ದ. ಆದರೆ ಅಜ್ಜನಿಗೆ ಎಲ್ಲಿ ಉಸಿರು ಬೇಕೆಂದು ಅವನಿಗೇನು ಗೊತ್ತು? ಸಾಲು ಸಾಲಿಗೂ ಕೆಮ್ಮು. ಅಜ್ಜ ಸಾಕೆಂದು ಕೈಮಾಡಿದರು.

“ಹೊರಗ ಕುಂತಾನಲ್ಲ, ಅವನ್ನ ಕರೀರಿ. ನಾ ಎಲ್ಲಿ ದಮ್ಮ ತಗೋತೀನಿ ಅವಂಗ ಗೊತ್ತೈತಿ.”

ಕಾಕಾ ಕೋಟು ಕಳಚಿಟ್ಟು ತಬಲಾದ ಮುಂದೆ ಕೂತರು. ಅಜ್ಜನ ಉಸಿರು ಸೋತಲ್ಲೆಲ್ಲ ಅವರ ಬೆರಳು ಒಂದಿಷ್ಟು ಹೆಚ್ಚು ಆಡಿ ಆ ಜಾಗ ತುಂಬಿದವು. ಅಜ್ಜ ಸುಧಾರಿಸಿಕೊಂಡು ಮುಂದಿನ ಸಾಲು ಹಿಡಿದರು. ಹಾಡು ಒಂದೇ ಸಲಕ್ಕೆ ಮುಗಿಯಿತು. ಎಂಜಿನಿಯರ್ ಎದ್ದು ಬಂದು ಕಾಕಾನ ಕೈ ಹಿಡಿದುಕೊಂಡ. ಮೇಲಿನವರಿಗೆ ತಿಳಿಸುವ ಮಾತು ಮತ್ತೆ ಎತ್ತಲಿಲ್ಲ.

ಅಜ್ಜನನ್ನು ಬಬಲೇಶ್ವರದ ಬಸ್ಸಿಗೆ ಹತ್ತಿಸಿ ಇಬ್ಬರೂ ಮನೆಯ ದಾರಿ ಹಿಡಿದೆವು. ಕಾಕಾ ನಡುದಾರಿಯಲ್ಲೇ ನಿಂತು, ಎದೆಯ ಭಾರ ಇಳಿಸಿದವರಂತೆ ಉಸಿರುಬಿಟ್ಟರು.

“ಉಳೀತು ನೋಡಪಾ,” ಎಂದರು.

“ಹೌದ್ರಿ ಕಾಕಾ. ಇಲ್ಲಂದ್ರ ಇವತ್ತ ನೌಕರಿ ಹೋಗತಿತ್ತು.”

ಕಾಕಾ ನನ್ನ ಮುಖ ನೋಡಿದರು. ಅವರ ಕಣ್ಣು ತುಂಬಿದ್ದವು.

“ನೌಕರಿ ಅಲ್ಲೋ, ಅಜ್ಜನ ದನಿ.”